ಹಸಿ ಮರದ ಹಲಗೆಗಳನ್ನು ಗಾಳಿಯಲ್ಲಿ ಒಣಗಿಸುವ ಕ್ರಮ

ಹಿತ್ತಲಿನಲ್ಲಿ ನಲವತ್ತು ಐವತ್ತು ವರ್ಷ ಬೆಳೆದ ಹಲಸಿನ ಮರವನ್ನು ಮನೆ ಕಟ್ಟುವ ಕಾಲಕ್ಕೆ ಕಡಿಸಿ, ಹಲಗೆ ಕೊಯ್ಯಿಸಿ, ಆ ತಿಂಗಳಲ್ಲಿಯೇ ಬಡಗಿಯಿಂದ ಬಾಗಿಲು ಮಾಡಿಸುವ ರೈತರು ಅನೇಕರಿದ್ದಾರೆ. ಕೂಡಿಸಿದ ದಿನ ಒಂದಕ್ಕೊಂದು ಬಿಗಿಯಾಗಿ ಹೊಂದಿದ್ದ ಹಲಗೆಗಳ ನಡುವೆ ಮುಂದಿನ ಬೇಸಗೆಯಲ್ಲಿ ಬೆಳಕು ಹಾಯುವಷ್ಟು ಸಂದು ಬೀಳುತ್ತದೆ, ಬೆಣೆಗಳು ಸಡಿಲಗೊಳ್ಳುತ್ತವೆ. ಇದಕ್ಕೆ ಬಡಗಿಯನ್ನು ದೂರುವುದುಂಟು. ವಾಸ್ತವವಾಗಿ ತಪ್ಪು ಮರದಲ್ಲಿ ಉಳಿದಿದ್ದ ನೀರಿನದು.

ಆಗತಾನೆ ಕಡಿದ ಮರದಲ್ಲಿ ನೀರಿನ ತೂಕವು ಒಣ ಮರದ ತೂಕದ ಅರ್ಧಕ್ಕಿಂತ ಹೆಚ್ಚಾಗಿರುವುದು ಸಾಮಾನ್ಯ. ಕೆಲವು ಮೃದು ಜಾತಿಗಳಲ್ಲಿ ಸರಿಸಮವಾಗಿಯೂ ಇರುತ್ತದೆ. ಈ ನೀರು ಎರಡು ಕಡೆ ಇರುತ್ತದೆ. ಒಂದು ಪಾಲು ಮರದ ಸೂಕ್ಷ್ಮ ನಳಿಗೆಗಳ ಟೊಳ್ಳಿನಲ್ಲಿ, ಮತ್ತೊಂದು ಪಾಲು ಆ ನಳಿಗೆಗಳ ಗೋಡೆಗಳಲ್ಲಿ. ಟೊಳ್ಳಿನ ನೀರು ಮೊದಲು ಹೋಗುತ್ತದೆ; ಆಗ ಮರ ಹಗುರವಾಗುವುದೇ ಹೊರತು ಕುಗ್ಗುವುದಿಲ್ಲ. ನೀರು ಶೇಕಡ 30ರ ಸುಮಾರಿಗೆ ಇಳಿದ ಮೇಲೆ ಗೋಡೆಗಳು ಒಣಗಲಾರಂಭಿಸುತ್ತವೆ. ಕುಗ್ಗುವಿಕೆ ಅಲ್ಲಿಂದ ಮೊದಲಾಗುತ್ತದೆ. ಮರವು ಉದ್ದಕ್ಕೆ ಕುಗ್ಗುವುದು ಗಣನೆಗೆ ಬಾರದಷ್ಟು ಸ್ವಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಿನ ದಿಕ್ಕಿನಲ್ಲಿ ಸುಮಾರು ಎರಡರಷ್ಟು ಕುಗ್ಗುತ್ತದೆ. ಹಲಗೆ ದೋಣಿಯಂತೆ ಬಾಗುವುದಕ್ಕೂ ದಿಮ್ಮಿಯ ತುದಿಯಲ್ಲಿ ನಕ್ಷತ್ರಾಕಾರದ ಸೀಳು ಬೀಳುವುದಕ್ಕೂ ಈ ವ್ಯತ್ಯಾಸವೇ ಕಾರಣ.

ಬೇಗ ಒಣಗಲೆಂದು ಹಲಗೆಗಳನ್ನು ಬಿಸಿಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸುವುದು ಎಲ್ಲಕ್ಕಿಂತ ಹಾನಿಕರವಾದ ಪದ್ಧತಿ. ಹೊರಮೈ ಒಣಗಿ ಕುಗ್ಗಲು ಯತ್ನಿಸುತ್ತದೆ. ಒಳಭಾಗವು ಇನ್ನೂ ಹಸಿಯಾಗಿದ್ದು ಅದಕ್ಕೆ ಎಡೆಗೊಡುವುದಿಲ್ಲ. ಈ ಎಳೆದಾಟದಲ್ಲಿ ಮೈಯೆಲ್ಲ ಬಿರಿಯುತ್ತದೆ. ಮತ್ತಿಯಂತಹ ಬಿರುಸು ಮರಗಳು ಇದನ್ನು ಸ್ವಲ್ಪವೂ ಸೈರಿಸವು. ತೇಗವು ಸೌಮ್ಯ ಸ್ವಭಾವದ್ದು. ಅದನ್ನು ಒಣಗಿಸಿ ಅಭ್ಯಾಸವಾದವರು ಮತ್ತಿಯಲ್ಲಿ ಮೋಸಹೋಗುತ್ತಾರೆ.

ಆದುದರಿಂದ ಬಿರುಸು ಮರಗಳನ್ನು ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಕಡಿಸಿ ಕೊಯ್ಯಿಸುವುದು ಉತ್ತಮ. ಬಿಸಿಗಾಳಿ ಬೀಸುವುದರೊಳಗಾಗಿ ಹಲಗೆಗಳು ನಿಧಾನವಾಗಿ ಒಂದಿಷ್ಟು ಆರಿರುತ್ತವೆ. ಮಾವಿನಂತಹ ಮೃದು ಮರದಲ್ಲಿ ಅಪಾಯ ಬೇರೆ ವಿಧದ್ದು. ಅದರ ದಿಮ್ಮಿಯನ್ನು ತೊಗಟೆಯೊಡನೆ ಹಾಗೆಯೇ ಬಿಟ್ಟರೆ ಬೂಷ್ಟು ಹತ್ತಿ ಮರ ನೀಲಿಗಟ್ಟುತ್ತದೆ. ಅದನ್ನು ತಡಮಾಡದೆ ಕೊಯ್ಯಿಸಿ ಗಾಳಿಗೆ ಒಡ್ಡತಕ್ಕದ್ದು. ಯಾವ ಮರವೇ ಆಗಲಿ, ನಡುವಣ ತಿರುಳು ಹಲಗೆಯೊಳಗೆ ಸೇರದಂತೆ ಕೊಯ್ಯಿಸಬೇಕು. ತಿರುಳಿದ್ದ ಹಲಗೆ ಸಾಮಾನ್ಯವಾಗಿ ಸೀಳದೆ ಇರದು.

ನೀರು ಹಲಗೆಯ ಮೈಗಿಂತ ಕೊಯ್ದ ತುದಿಗಳಿಂದ ಅನೇಕ ಪಟ್ಟು ವೇಗವಾಗಿ ಹೊರಡುತ್ತದೆ. ಮರ ಬಿದ್ದ ದಿನವೇ ದಿಮ್ಮಿಯ ಎರಡು ತುದಿಗಳಿಗೂ ಡಾಂಬರನ್ನಾಗಲಿ ದಪ್ಪನಾದ ಬಣ್ಣವನ್ನಾಗಲಿ ಕರಗಿಸಿದ ಮೇಣವನ್ನಾಗಲಿ ಬಳಿಯಬೇಕು. ಇವು ಒದಗದಿದ್ದಲ್ಲಿ ಸಗಣಿ ಮತ್ತು ಜೇಡಿಮಣ್ಣನ್ನು ಕಲಸಿ ಮೆತ್ತುವುದು ಬರಿದೆ ಬಿಡುವುದಕ್ಕಿಂತ ಮೇಲು. ವಾರ ಕಳೆದು ಸೀಳು ಕಂಡ ಮೇಲೆ ಬಳಿದರೆ ಬಂದ ಸೀಳು ಮುಚ್ಚುವುದಿಲ್ಲ.

ಹಲಗೆಗಳನ್ನು ಪೇರಿಸುವುದಕ್ಕೆ ನೀರು ನಿಲ್ಲದ ನೆಲವನ್ನು ಆರಿಸಿ, ಇಟ್ಟಿಗೆಯ ಅಥವಾ ಕಲ್ಲಿನ ಮೋಟುಗಂಬಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಒಂದೇ ಮಟ್ಟದಲ್ಲಿ ನಿಲ್ಲಿಸಿ, ಮೇಲೆ ಅಡ್ಡ ತೊಲೆಗಳನ್ನಿಡಬೇಕು. ಅಡಿಪಾಯ ಸೊಟ್ಟಗಿದ್ದರೆ ಹಲಗೆಯೂ ಅದೇ ಸೊಟ್ಟಿನಲ್ಲಿ ಒಣಗಿ ನಿಲ್ಲುತ್ತದೆ. ಒಂದು ಸಾಲು ಹಲಗೆಗಳನ್ನು ಅಂಗುಲದಷ್ಟು ಎಡೆಬಿಟ್ಟು ಹರಡಿ, ಅದರ ಮೇಲೆ ಅಂಗುಲ ದಪ್ಪದ ಒಣ ರೀಪುಗಳನ್ನು ಎರಡೆರಡು ಅಡಿಗೆ ಒಂದರಂತೆ ಅಡ್ಡವಾಗಿಟ್ಟು, ಬಳಿಕ ಎರಡನೆಯ ಸಾಲನ್ನು ಹರಡುವುದು. ತೆಳು ಹಲಗೆಗಳಿಗೆ ರೀಪುಗಳು ಇನ್ನೂ ಹತ್ತಿರವಿರಬೇಕು. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕೆಂಬುದನ್ನು ಕೆಲಸದವರು ಅಲಕ್ಷ್ಯಮಾಡುತ್ತಾರೆ. ನೇರ ತಪ್ಪಿದರೆ ಮೇಲಿನ ಭಾರವೆಲ್ಲ ಹಲಗೆಯ ನಡುವಿಗೆ ಬಿದ್ದು ಅದು ಬಾಗುತ್ತದೆ. ಹಸಿ ರೀಪುಗಳನ್ನು ಉಪಯೋಗಿಸಕೂಡದು; ಅವು ತಗುಲಿದ ಕಡೆ ಕಲೆ ಬೀಳುತ್ತದೆ. ಎರಡು ಕೊನೆಗಳಲ್ಲಿಯೂ ಹಲಗೆಯ ಅಂಚಿಗೆ ಸರಿಯಾಗಿ ಒಂದೊಂದು ರೀಪು ಇರಲಿ. ಕಟ್ಟಕಡೆಗೆ ಮೇಲೆ ಕಲ್ಲುಗಳನ್ನು ಹೇರಿ, ಗರಿಯ ಅಥವಾ ತಗಡಿನ ಮಾಡನ್ನು ಇಳಿಜಾರಾಗಿ ಹೊದಿಸಬೇಕು. ಬಯಲುಸೀಮೆಯಲ್ಲಿ ಮೊದಲ ಕೆಲವು ವಾರ ಗಾಳಿ ಬೀಸುವ ಕಡೆಗೆ ಗೋಣಿಯ ತಡಿಕೆ ಕಟ್ಟುವುದು ಕ್ಷೇಮ. ಮಲೆನಾಡಿನಲ್ಲಿ ಇದಕ್ಕೆ ವಿರುದ್ಧವಾಗಿ ಎಲ್ಲ ಪಕ್ಕಗಳೂ ತೆರೆದಿರಬೇಕು.

ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಮಾತು ಚಳಿಯ ದೇಶಗಳಿಂದ ಬಂದುದು. ಇಲ್ಲಿಯ ಬಯಲುಸೀಮೆಯಲ್ಲಿ ಅಂಗುಲದ ಮಾವಿನ ಹಲಗೆ ಕೆಲವೇ ತಿಂಗಳಲ್ಲಿ ಒಣಗಬಹುದು. ಬಿರುಸು ಮರಕ್ಕೆ ಆರು ತಿಂಗಳಿಗೂ ಮೇಲ್ಪಟ್ಟು ಬೇಕಾಗುವುದುಂಟು. ದಪ್ಪ ಎರಡರಷ್ಟಾದರೆ ಕಾಲವು ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ತಿಂಗಳುಗಳನ್ನು ಎಣಿಸುವ ಬದಲು ತೂಗಿ ನೋಡುವುದೇ ನಿಶ್ಚಯವಾದ ಮಾರ್ಗ. ಅಟ್ಟಿಯೊಳಗಿನ ಒಂದು ಹಲಗೆಗೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ತೂಗಿ, ತೂಕವನ್ನು ಅದರ ಮೇಲೆಯೇ ಬರೆಯಬೇಕು. ಮಳೆಯಿಲ್ಲದ ಕಾಲದಲ್ಲಿ ಮೂರು ಸಲ ತೂಕ ಇಳಿಯದಿದ್ದರೆ ಹಲಗೆ ಆ ಊರಿನ ಗಾಳಿಗೆ ಹೊಂದಿಕೊಂಡಿತೆಂದು ತಿಳಿಯಬಹುದು. ನೀರಿನ ಪ್ರಮಾಣವೇ ಬೇಕಿದ್ದಲ್ಲಿ, ತುದಿಯಿಂದ ಒಂದಡಿ ಒಳಗೆ ಸಣ್ಣ ತುಂಡೊಂದನ್ನು ಕೊಯ್ದು ತೂಗಿ, ಕುದಿಯುವ ನೀರಿಗಿಂತ ತುಸು ಹೆಚ್ಚಿನ ಶಾಖದ ಒಲೆಪೆಟ್ಟಿಗೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಪುನಃ ತೂಗಬೇಕು. 250 ಗ್ರಾಮಿನ ತುಂಡು 200 ಗ್ರಾಮಿಗೆ ಇಳಿದರೆ, ಹೋದ 50 ಗ್ರಾಮನ್ನು ಒಣತೂಕವಾದ 200ರಿಂದ ಭಾಗಿಸಲು ಶೇಕಡ 25 ಬರುತ್ತದೆ. ಅಂತಹ ಮರ ಬಾಗಿಲಿಗೆ ಯೋಗ್ಯವಲ್ಲ. ಬಯಲುಸೀಮೆಯ ಮನೆಗೆ ಶೇಕಡ 12ರ ಸುಮಾರಿಗೆ ಇಳಿದಿರಬೇಕು.

ದಿಮ್ಮಿಗಳನ್ನು ಕೆರೆಯ ನೀರಿನಲ್ಲಿ ಮುಳುಗಿಸಿಡುವ ಹಳೆಯ ರೂಢಿಯಿಂದ ಸೀಳು ತಪ್ಪುತ್ತದೆ. ಹೊರಗಿನ ಬಿಳಿಯ ಭಾಗದ ಹಿಟ್ಟಿನಂಶವೂ ಕಡಮೆಯಾಗಿ ಹುಡಿ ಉದುರಿಸುವ ಹುಳುವಿನ ಬಾಧೆ ತಗ್ಗಬಹುದು. ಆದರೆ ಅದು ಒಣಗಿಸಿದಂತಾಗಲಿಲ್ಲ. ತೆಗೆದ ಮೇಲೆ ಕೊಯ್ದು ಪೇರಿಸಲೇಬೇಕು. ಒಣಗಿದ ಮಾತ್ರಕ್ಕೆ ಬಿಳಿಯ ಭಾಗಕ್ಕೆ ಈ ಹುಳುವಿನ ಭಯ ತಪ್ಪಿತೆಂದು ನಂಬಕೂಡದು. ಮುಖ್ಯವಾದ ಕೆಲಸಗಳಿಗೆ ಚೇಗನ್ನೇ ಆರಿಸಿಕೊಳ್ಳಬೇಕು.

ಒಣಗಿದ ಹಲಗೆಗಳನ್ನು ಅಟ್ಟಿಯಿಂದ ಇಳಿಸಿ, ಕೆಲಸ ಹಿಡಿಯುವುದಕ್ಕೆ ಎರಡು ಮೂರು ವಾರ ಮುಂಚಿತವಾಗಿ ಮನೆಯೊಳಗೆ ರೀಪುಗಳ ಮೇಲೆಯೇ ಇರಿಸಿ, ಆಮೇಲೆ ಬಡಗಿಗೆ ಒಪ್ಪಿಸತಕ್ಕದ್ದು.