ಹಸ್ತಪ್ರತಿ ಸೂಚಿಯ ದತ್ತಸಂಚಯ: ಬ್ಯಾಕಪ್ಪಿನಿಂದ ಬೇಕಾದ ಭಾಗದ ಪುನಃಸ್ಥಾಪನೆ

ವೀರಸೇನಾಚಾರ್ಯರ ಧವಳಾ ಟೀಕೆಯ ತಾಳೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದುದು ಸರ್ವವಿದಿತ. ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಅದರ ಪ್ರಕಟಣೆಯನ್ನು ಆರಂಭಿಸಿದಾಗ ಮೊದಲಿಗೆ ಆಧಾರವಾದುವು ಅದರಿಂದ ಇಳಿದ ಪ್ರತಿಗಳು; ಮೂಲದೊಡನೆ ತಾಳೆ ನೋಡುವ ಅವಕಾಶ ಅನಂತರ ಒದಗಿತು. ಪ್ರತಿಯಿದ್ದುದರಿಂದ ಗ್ರಂಥ ಬೆಳಕಿಗೆ ಬಂದಿತು. ತಾಳೆ ನೋಡಿದುದರಿಂದ ಪಾಠ ಶುದ್ಧವಾಯಿತು. ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಹಸ್ತಪ್ರತಿ ಸೂಚಿಗೂ ಈ ಎರಡೂ ಮಾತುಗಳು ಸಲ್ಲುತ್ತವೆ.

ಒಂದು ಭಂಡಾರದ ಸೂಚಿಯಲ್ಲಿ ಕೃತಿ, ಕಟ್ಟು, ಲಿಪಿಕಾರಪ್ರಶಸ್ತಿ ಎಂಬ ಮೂರು ಕೋಷ್ಟಕಗಳಿವೆಯೆಂದು ಭಾವಿಸಬಹುದು. ತಿದ್ದುಪಡಿಯ ವೇಳೆ ಪ್ರಶಸ್ತಿಗಳ ಕೋಷ್ಟಕ ಕೆಟ್ಟು, ಅದು ಮೂರು ತಿಂಗಳ ಬಳಿಕ ತಿಳಿದುಬಂದಿತೆನ್ನೋಣ. ನಿನ್ನೆಯ ಬ್ಯಾಕಪ್ಪಿನಲ್ಲಿಯೂ ಅದೇ ದೋಷವಿರುತ್ತದೆ. ದೋಷಕ್ಕೆ ಮುಂಚಿನ ಪ್ರತಿಯೇ ಬೇಕು. ಆದರೆ ಅದನ್ನು ಇಡಿಯಾಗಿ ಮರಳಿ ಸ್ಥಾಪಿಸಿದರೆ ಆ ಮೂರು ತಿಂಗಳಲ್ಲಿ ಸೇರಿದ ಕಟ್ಟುಗಳ ವಿವರಗಳೂ ತಿದ್ದಿದ ಶಕವರ್ಷಗಳೂ ಅಳಿದುಹೋಗುತ್ತವೆ. ಒಂದು ಗರಿ ಲುಪ್ತವಾಯಿತೆಂದು ಕಟ್ಟನ್ನೇ ಬದಲಿಸಿದಂತಾಯಿತು.

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕೆ ಪರಿಹಾರವಿದೆ. ಅದರ ಪಿಜಿ-ಡಂಪ್ ಎಂಬ ಸಾಧನವು ಬೇರೆ ಆದೇಶವಿಲ್ಲದಿದ್ದರೆ ಬ್ಯಾಕಪ್ಪನ್ನು ಸರಳ ಪಠ್ಯವಾಗಿ ಬರೆಯುತ್ತದೆ. ಅದರಿಂದ ಒಂದು ಭಾಗವನ್ನು ಮಾತ್ರ ಬಿಡಿಸಿಕೊಳ್ಳುವುದು ಪ್ರಯಾಸಕರ. ‘ಕಸ್ಟಮ್’ ರೂಪದಲ್ಲಿ ಬರೆಯಿಸಿದರೆ ಬ್ಯಾಕಪ್ಪಿನೊಳಗೆ ವಿಷಯಾನುಕ್ರಮಣಿಕೆಯೂ ಸೇರುತ್ತದೆ. ಪಿಜಿ-ರಿಸ್ಟೋರ್ ಎಂಬ ಸಾಧನದಿಂದ ಆ ಅನುಕ್ರಮಣಿಕೆಯನ್ನು ಹೊರತೆಗೆದು, ಬೇಡದ ಸಾಲುಗಳ ಮೊದಲಲ್ಲಿ ಅರ್ಧವಿರಾಮ ಚಿಹ್ನೆಯನ್ನಿಟ್ಟು, ಉಳಿದ ಭಾಗವನ್ನಷ್ಟೇ ಮರಳಿ ಸ್ಥಾಪಿಸಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಒಂದು ಕೋಷ್ಟಕವನ್ನು ಮಾತ್ರ ಆಯ್ದರೆ ಅದು ಅವಲಂಬಿಸಿದ ಇತರ ಕೋಷ್ಟಕಗಳು ತಾವಾಗಿ ಬರುವುದಿಲ್ಲ. ಕಟ್ಟಿನ ಸಂಖ್ಯೆಯನ್ನು ಹೇಳುವ ಪ್ರಶಸ್ತಿಗೆ ಆ ಕಟ್ಟಿನ ದಾಖಲೆಯೂ ಇರಬೇಕು. ಎರಡನೆಯದು, ಹಳೆಯ ಭಾಗವನ್ನು ಚಾಲ್ತಿಯ ಸೂಚಿಯ ಮೇಲೆ ನೇರವಾಗಿ ಇಳಿಸಬಾರದು. ಬೇರೊಂದು ಬರಿದಾದ ದತ್ತಸಂಚಯದಲ್ಲಿ ಅದನ್ನು ಸ್ಥಾಪಿಸಿ, ದಾಖಲೆ ದಾಖಲೆಗೂ ತಾಳೆ ನೋಡಿ, ನಷ್ಟವಾದುದನ್ನಷ್ಟೇ ಸೇರಿಸಬೇಕು. ಅನಂತರ ನಡೆದ ಯೋಗ್ಯ ತಿದ್ದುಪಡಿಗಳು ಆಗ ಮಾತ್ರ ಉಳಿಯುತ್ತವೆ.

ಓದಿ ನೋಡದ ಪ್ರತಿಯ ಶುದ್ಧಿಯನ್ನು ಯಾವ ಸಂಪಾದಕನೂ ನಂಬುವುದಿಲ್ಲ. ಒಮ್ಮೆಯೂ ಮರಳಿ ಸ್ಥಾಪಿಸಿ ನೋಡದ ಬ್ಯಾಕಪ್ಪಿನ ವಿಷಯದಲ್ಲಿಯೂ ಅದೇ ನಿಯಮ. ಗರಿ ಶಿಥಿಲವಾಗಿ ಮೂಲದ ಪ್ರಶಸ್ತಿ ಅಳಿದಿದ್ದರೆ, ಲಿಪಿಕಾರನ ಹೆಸರಿಗೆ ಸೂಚಿಯ ಆ ಒಂದು ಸಾಲೇ ಕೊನೆಯ ಸಾಕ್ಷ್ಯವಾಗಿರಬಹುದು.