ಎದುರಾಳಿಯ ಬಾಯಿ ಮುಚ್ಚಿಸುವ ಮುನ್ನ ಜೊತೆಗಾರನನ್ನು ನೋಡಿ

ಬ್ರಿಜ್ ಅಂದ್ರೆ ನಿವೃತ್ತರ ಟೈಂಪಾಸ್ ಅಂದ್ಕೊಂಡಿದ್ದೀರಾ? 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದಿದ್ದು ಇದೇ ಇಸ್ಪೀಟು ಆಟದಲ್ಲಿ.

ಇಲ್ಲಿ ಇಬ್ಬಿಬ್ಬರ ಎರಡು ಜೋಡಿ. ಎಲೆ ಇಳಿಸುವ ಮೊದಲು ಹರಾಜು ನಡೆಯುತ್ತದೆ. ನಮ್ಮ ಕೈಯಲ್ಲೇನಿದೆ ಅಂತ ಜೊತೆಗಾರನಿಗೆ ತಿಳಿಸೋಕೆ ಇರೋದು ಆ ಬಿಡ್ ಒಂದೇ ದಾರಿ.

ಪಾಯಿಂಟ್ ಕಮ್ಮಿ ಇದ್ದು, ಒಂದೇ ಗುರುತಿನ ಏಳು ಎಲೆ ಬಂದಾಗ ನೇರ ಮೂರರ ಹಂತಕ್ಕೆ ಜಿಗಿಯುವುದು ಪ್ರಿಎಂಪ್ಟ್. ಎದುರಾಳಿಗಳಿಗೆ ಮಾತಾಡಲು ಜಾಗವೇ ಉಳಿಯಬಾರದು ಅನ್ನೋದು ಲೆಕ್ಕ. ಆದರೆ ಎದುರಾಳಿ ಡಬಲ್ ಹೇಳಿ, ನಾವು ಮೂರು ಟ್ರಿಕ್ ಕಮ್ಮಿಬಿದ್ದರೆ ದಂಡ 500. ವಲ್ನರಬಲ್ ಆಗಿದ್ದರೆ 800.

ಕೈ ವಿಚಿತ್ರವಾಗಿದ್ದರೆ? ರಾಜ, ರಾಣಿ, ಗುಲಾಮ ಸಮೇತ ಏಳು ಡೈಮಂಡ್, ರಾಣಿ ಇರುವ ನಾಲ್ಕು ಹಾರ್ಟ್, ಎರಡು ಚಿಕ್ಕ ಕ್ಲಬ್, ಸ್ಪೇಡ್ ಸೊನ್ನೆ ಅಂದ್ಕೊಳ್ಳಿ. ಮೊದಲ ಸರದಿಯಲ್ಲೇ ಮೂರು ಡೈಮಂಡ್ ಕೂಗಿದರೆ, ಜೊತೆಗಾರನ ಹತ್ರ ಒಳ್ಳೆಯ ಹಾರ್ಟ್ ಇದ್ದರೂ ಆ ಹೊಂದಾಣಿಕೆ ಪತ್ತೆಯಾಗೋದು ಕಷ್ಟ. ಎರಡನೇ ಸರದಿಯಲ್ಲಿ ಇನ್ನೂ ಎಚ್ಚರ ಬೇಕು: ಒಬ್ಬ ಎದುರಾಳಿ ಆಗಲೇ ಪಾಸ್ ಅಂದಿದ್ದಾನೆ, ಬಲವಾದ ಕೈ ನಮ್ಮವನದ್ದೇ ಇರಬಹುದು.

ಮೂರನೇ ಸರದಿಯಲ್ಲಿ ಲೆಕ್ಕ ಬದಲಾಗುತ್ತದೆ. ಜೊತೆಗಾರ ಪಾಸ್ ಹೇಳಾಗಿದೆ. ಬಲ ಇರೋದು ಬಹುತೇಕ ನಾಲ್ಕನೆಯವನ ಬಳಿ. ವಲ್ನರಬಲ್ ಅಲ್ಲದಿದ್ದರೆ ಅದೇ ಎಲೆಗಳಿಗೆ ಧೈರ್ಯವಾಗಿ ಮೂರು ಡೈಮಂಡ್ ಕೂಗಿ.

ಹಾಗಾಗಿ ಎಲೆ ಎಣಿಸಿದ ಮೇಲೆ ಕೇಳಿಕೊಳ್ಳಿ: ಇನ್ನೂ ಮಾತಾಡದವರು ಯಾರು? ಅವರಲ್ಲಿ ನಮ್ಮವನೂ ಇದ್ದರೆ, ಸ್ವಲ್ಪ ತಡೆಯಿರಿ.