ಮಾರಾಟವಾಗದ ಹಾಡುಗಳ ಅಂಗಡಿ

ಹಳಗನ್ನಡದ ಪಾಠವನ್ನು ಆರಂಭಿಸುವ ದಿನ ನಾನು ಪ್ರತಿ ವರ್ಷವೂ ಹಲಗೆಯ ಮೇಲೆ ಎರಡು ಅಕ್ಷರಗಳನ್ನು ಬರೆಯುತ್ತೇನೆ: ಱ, ೞ. ಒಂದು ಶಕಟರೇಫ, ಇನ್ನೊಂದು ರಳ. ಹುಡುಗರು ಅವನ್ನು ವಸ್ತುಸಂಗ್ರಹಾಲಯದ ಮೂಳೆಗಳನ್ನು ನೋಡುವಂತೆ ನೋಡುತ್ತಾರೆ. ಕಳೆದ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಯಾರೂ ಬಳಸದ ಅಕ್ಷರವನ್ನು ನಾವೇಕೆ ಕಲಿಯಬೇಕು ಸರ್?" ಎಂದಳು. ನಮ್ಮ 'ಮಳೆ' ಒಂದು ಕಾಲಕ್ಕೆ 'ಮೞೆ' ಆಗಿತ್ತೆಂದೂ, 13ನೆಯ ಶತಮಾನದಲ್ಲಿ ಕೇಶಿರಾಜನು ರಳವುಳ್ಳ ಪದಗಳನ್ನು ಕೂಡಿಸಿ 'ಶಬ್ದಮಣಿದರ್ಪಣ'ದಲ್ಲಿ ಇಟ್ಟನೆಂದೂ ಹೇಳಿ ಪಾಠವನ್ನು ಮುಂದುವರಿಸಿದೆ. ಅದು ಉತ್ತರವಲ್ಲವೆಂಬುದು ಅವಳಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

ಉತ್ತರ ನನಗೆ ಸಿಕ್ಕಿದ್ದು ವ್ಯಾಕರಣ ಗ್ರಂಥದಲ್ಲಲ್ಲ, ನ್ಯೂಯಾರ್ಕಿನ ಒಬ್ಬ ಗ್ರಾಮಫೋನ್ ತಟ್ಟೆಗಳ ವ್ಯಾಪಾರಿಯ ಮಾತಿನಲ್ಲಿ. ಆತನ ಹೆಸರು ಮೋಸೆಸ್ ಆಶ್. ಆತ ಕಟ್ಟಿದ ಕಂಪನಿ ಫೋಕ್‌ವೇಸ್. ಖರ್ಚಾಗದ ತಟ್ಟೆಗಳನ್ನು ಪಟ್ಟಿಯಿಂದ ಏಕೆ ತೆಗೆದುಹಾಕುವುದಿಲ್ಲವೆಂದು ಕೇಳಿದವರಿಗೆ ಆತ ಕೊಡುತ್ತಿದ್ದ ಉತ್ತರದ ತಾತ್ಪರ್ಯ ಇಷ್ಟೆ: ಇಂಗ್ಲಿಷಿನಲ್ಲಿ ಒಂದು ಅಕ್ಷರದ ಬಳಕೆ ಇನ್ನೊಂದರದಕ್ಕಿಂತ ಕಡಮೆಯೆಂದು ಅದನ್ನು ನಿಘಂಟಿನಿಂದ ಯಾರಾದರೂ ಕಿತ್ತುಹಾಕುತ್ತಾರೆಯೆ?

ಈ ಮಾತನ್ನಾಡಿದವನು ಒಬ್ಬ ಸಾಹಿತಿಯ ಮಗನೆಂಬುದು ಆಕಸ್ಮಿಕವಲ್ಲ. ಮೋಸೆಸ್ ಹುಟ್ಟಿದ್ದು 1905ರಲ್ಲಿ, ವಾರ್ಸಾ ನಗರದಲ್ಲಿ. ತಂದೆ ಷೋಲೆಮ್ ಆಶ್ ಯಿಡ್ಡಿಷ್ ಭಾಷೆಯ ಪ್ರಖ್ಯಾತ ಕಾದಂಬರಿಕಾರ, ನಾಟಕಕಾರ. ಯಿಡ್ಡಿಷ್ ಎಂಬುದು ಪೂರ್ವ ಯೂರೋಪಿನ ಯೆಹೂದ್ಯರ ಮನೆಮಾತು. ಎರಡನೆಯ ಮಹಾಯುದ್ಧದ ನರಮೇಧದಲ್ಲಿ ಅಳಿದ ಸುಮಾರು 60 ಲಕ್ಷ ಜನರಲ್ಲಿ ಬಹುಪಾಲು ಮಂದಿ ಆ ನುಡಿಯವರೇ. ಒಂದು ಭಾಷೆ ಅದನ್ನಾಡುವ ನಾಲಗೆಗಳ ಸಮೇತ ಇಲ್ಲವಾಗುವುದೆಂದರೇನು ಎಂಬುದನ್ನು ಈ ಮಗ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಬಾಲ್ಯದಲ್ಲೇ ಕುಟುಂಬದೊಡನೆ ಅಮೆರಿಕಕ್ಕೆ ಬಂದ ಮೋಸೆಸ್ ತಂದೆಯಂತೆ ಬರಹಗಾರನಾಗಲಿಲ್ಲ. ರೇಡಿಯೋ ವಿದ್ಯೆಯನ್ನು ಕಲಿಯಲು ಜರ್ಮನಿಗೆ ಹೋದ. ಅಲ್ಲಿನ ಸಹಪಾಠಿಗಳು, ಅಮೆರಿಕಕ್ಕೆ ಜನಪದವೂ ಇಲ್ಲ, ಜಾನಪದವೂ ಇಲ್ಲ ಎಂದು ಹಂಗಿಸುತ್ತಿದ್ದರಂತೆ. ಆ ದಿನಗಳಲ್ಲೇ ಪ್ಯಾರಿಸ್ಸಿನ ನದೀದಂಡೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಜಾನ್ ಲೋಮಾಕ್ಸ್ 1910ರಲ್ಲಿ ಪ್ರಕಟಿಸಿದ್ದ ದನಗಾಹಿಗಳ ಹಾಡುಗಳ ಸಂಗ್ರಹ ಆತನ ಕೈಗೆ ಬಿತ್ತು. ಮೊದಲಲ್ಲಿ ಥಿಯೊಡೋರ್ ರೂಸ್‌ವೆಲ್ಟರ ಪತ್ರವಿತ್ತು. ಹಂಗಿಸಿದವರಿಗೆ ಉತ್ತರ ದೊರೆಯಿತು. ತರುಣನಿಗೆ ದಾರಿಯೂ ಕಂಡಿತು. ಮುಂದೆ ತಂದೆಯೊಡನೆ ಪ್ರಿನ್ಸ್‌ಟನ್ನಿಗೆ ಹೋಗಿ ಐನ್‌ಸ್ಟೈನರ ಮಾತನ್ನು ಮುದ್ರಿಸಿಕೊಂಡಾಗ, ಕಾಲದ ಧ್ವನಿಗಳನ್ನು ಹಿಡಿದಿಡುವ ಕೆಲಸವನ್ನೇ ಮಾಡೆಂದು ಅವರು ಹುರಿದುಂಬಿಸಿದರೆಂದು ಆಶ್ ಹೇಳಿಕೊಳ್ಳುತ್ತಿದ್ದ. ವಯಸ್ಸಾದವರ ನೆನಪು ಇಂಥ ಪ್ರಸಂಗಗಳಿಗೆ ತುಸು ಮೆರುಗು ಕೊಡುವುದುಂಟು. ಆದರೂ ಕಥೆ ಚೆನ್ನಾಗಿದೆ.

ಆಗಿನ ಗ್ರಾಮಫೋನ್ ತಟ್ಟೆಯ ಮುಖ್ಯ ಕಚ್ಚಾವಸ್ತು ನಮ್ಮ ದೇಶದ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ ಮೊದಲಾದ ಮರಗಳ ಮೇಲೆ ಸಣ್ಣ ಹುಳುವೊಂದು ಸ್ರವಿಸುವ ಅಂಟು ಸಮುದ್ರ ದಾಟಿ ಹೋಗಿ ಜಗತ್ತಿನ ಸಂಗೀತವನ್ನೆಲ್ಲ ಹೊರುತ್ತಿತ್ತು. ಪಾಂಡವರನ್ನು ಸುಡಲೆಂದು ಮನೆ ಕಟ್ಟಿದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತವುಂಟೆ? ಯುದ್ಧ ಬಂದಾಗ ಅರಗಿನ ಸರಬರಾಜು ಕುಗ್ಗಿತು. 1942ರಲ್ಲಿ ಅಮೆರಿಕದ ಸರ್ಕಾರ ತಟ್ಟೆಗಳಿಗೆ ಅದರ ಬಳಕೆಯನ್ನು ಬಿಗಿಯಾಗಿ ಮಿತಗೊಳಿಸಿತು. ದೊಡ್ಡ ಕಂಪನಿಗಳು ಇದ್ದ ಅರಗನ್ನು ಹೆಚ್ಚು ಮಾರುವ ಗಾಯಕರಿಗೇ ಮೀಸಲಿಟ್ಟವು. ಆಗತಾನೆ ಸ್ವಂತ ಹೆಸರಿನಲ್ಲಿ ತಟ್ಟೆ ಹೊರಡಿಸುತ್ತಿದ್ದ ಆಶ್, ಅರಗಿನ ದಾಸ್ತಾನಿದ್ದ ಇನ್ನೊಂದು ಕಂಪನಿಯೊಡನೆ ಪಾಲುಗೂಡಿ ಕೆಲಸ ಮುಂದುವರಿಸಿದ. ಲೆಡ್ ಬೆಲಿ ಎಂದು ಹೆಸರಾದ ನೀಗ್ರೋ ಹಾಡುಗಾರ ಆತನ ಬಳಿ 1941ರಲ್ಲೇ ಮಕ್ಕಳ ಆಟದ ಹಾಡುಗಳನ್ನು ಹಾಡಿದ್ದ. 1944ರಲ್ಲಿ ಅಲೆಮಾರಿ ಕವಿ ವುಡಿ ಗತ್ರಿ ಬಂದ. ಇಂದು ಅಮೆರಿಕದ ಶಾಲೆಯ ಮಕ್ಕಳು ಹಾಡುವ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಮೊದಲಿಗೆ ಮುದ್ರಿತವಾದದ್ದು ಆ ವರ್ಷ, ಆಶ್‌ನ ಇಕ್ಕಟ್ಟಾದ ಕೋಣೆಯಲ್ಲಿ.

ಜಾಸ್ ಸಂಗೀತಕ್ಕೆ ದುಡ್ಡು ಸುರಿದು, ದೊಡ್ಡ ವ್ಯಾಪಾರದ ಆಸೆಗೆ ಬಿದ್ದ ಆಶ್ ದಿವಾಳಿಯಾದ. ದಿವಾಳಿಕೋರ ಹೊಸ ಕಂಪನಿಯ ಒಡೆಯನಾಗುವಂತಿಲ್ಲ. ಆದುದರಿಂದ 1948ರಲ್ಲಿ ಫೋಕ್‌ವೇಸ್ ಆರಂಭವಾದಾಗ ಕಾಗದಪತ್ರಗಳಲ್ಲಿ ಅದರ ಅಧ್ಯಕ್ಷೆ ಆತನ ಸಹೋದ್ಯೋಗಿ ಮೇರಿಯನ್ ಡಿಸ್ಟ್ಲರ್. ಆಕೆ 1964ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯ ಅರ್ಧ ಹೊರೆಯನ್ನು ಹೊತ್ತಳು. ಇತಿಹಾಸ ಬರೆಯುವವರು ಆಕೆಯ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ನಾನೂ ಅದನ್ನೇ ಮಾಡುತ್ತಿದ್ದೇನೆಂಬ ಅಳುಕಿದೆ.

ದಿವಾಳಿಯಿಂದ ಆಶ್ ಕಲಿತ ಪಾಠ ವಿಚಿತ್ರವಾದದ್ದು. ಹೆಚ್ಚು ಮಾರುವುದನ್ನು ಹುಡುಕಬಾರದು, ಕಡಮೆ ಮಾರುವುದನ್ನು ಎಂದೂ ಬಿಡಬಾರದು. ಒಂದು ಬಾರಿಗೆ ಕೆಲವೇ ನೂರು ತಟ್ಟೆಗಳನ್ನು ಒತ್ತಿಸುವುದು, ಮುಗಿದರೆ ಮತ್ತಷ್ಟು. ಕಪ್ಪು ರಟ್ಟಿನ ಹೊದಿಕೆ, ಅದರ ಮೇಲೆ ಅಂಟಿಸಿದ ಚಿತ್ರದ ಕಾಗದ. ಒಳಗೆ ಹಾಡಿನ ಪಾಠ, ಅರ್ಥ, ಹಿನ್ನೆಲೆಗಳ ಸಣ್ಣ ಪುಸ್ತಿಕೆ. ಕೊಳ್ಳುವವರು ಮುಖ್ಯವಾಗಿ ಶಾಲೆಗಳು, ಗ್ರಂಥಾಲಯಗಳು. ಆ ಪುಸ್ತಿಕೆಗಳಲ್ಲಿ ಕೆಲವನ್ನು ನಾನು ಓದಿದ್ದೇನೆ. ಒಳ್ಳೆಯ ಸಂಪಾದಕನೊಬ್ಬ ಪ್ರಾಚೀನ ಕಾವ್ಯಕ್ಕೆ ಬರೆಯುವ ಪೀಠಿಕೆ, ಟಿಪ್ಪಣಿಗಳ ಶ್ರದ್ಧೆ ಅವುಗಳಲ್ಲಿದೆ.

ಪಟ್ಟಿಯಲ್ಲಿ ಏನುಂಟು, ಏನಿಲ್ಲ! ಅಲೈನ್ ಡೇನಿಯಲೂ ಸಂಗ್ರಹಿಸಿದ ಭಾರತದ ಧಾರ್ಮಿಕ ಸಂಗೀತ 1952ರಲ್ಲೇ ಬಂತು. ಕವಿಗಳ ವಾಚನ, ಉಗಿಬಂಡಿಗಳ ಸದ್ದು, ಕಚೇರಿಯ ಸದ್ದು. ಗಂಟಲಗೂಡನ್ನು ಶಸ್ತ್ರಚಿಕಿತ್ಸೆಯಲ್ಲಿ ಕಳೆದುಕೊಂಡವರು ಮತ್ತೆ ಮಾತು ಕಲಿಯುವ ಬಗೆಗೇ ಒಂದು ತಟ್ಟೆ. ಉತ್ತರ ಅಮೆರಿಕದ ಕಪ್ಪೆಗಳ ಕೂಗು 1958ರಲ್ಲಿ ಹೊರಬಂದಿತು. ಪ್ರತಿ ಕಪ್ಪೆಯನ್ನೂ ಜಾತಿ ಹೆಸರಿಟ್ಟು ಪರಿಚಯಿಸಿದವನು ನ್ಯೂಯಾರ್ಕಿನ ಪ್ರಕೃತಿವಿಜ್ಞಾನ ಸಂಗ್ರಹಾಲಯದ ವಿದ್ವಾಂಸ ಚಾರ್ಲ್ಸ್ ಬೋಗರ್ಟ್. ನಗಬೇಡಿ. ಅದು ಫೋಕ್‌ವೇಸಿನ ಹೆಸರುವಾಸಿ ತಟ್ಟೆಗಳಲ್ಲಿ ಒಂದು.

ಆದರೆ ಈ ಕಂಪನಿಯ ಮಹಾಕೃತಿ ಯಾವುದೆಂದರೆ 1952ರ 'ಅಮೆರಿಕದ ಜಾನಪದ ಸಂಗೀತ ಸಂಕಲನ'. ಹ್ಯಾರಿ ಸ್ಮಿತ್ ಎಂಬ ಬಡ ಚಿತ್ರಕಾರ ತಾನು ಕೂಡಿಟ್ಟ ಹಳೆಯ ತಟ್ಟೆಗಳನ್ನು ಮಾರಲು ಬಂದ. ಆಶ್ ಆತನನ್ನು ಕೂರಿಸಿ, ಇವುಗಳಿಂದ ಆಯ್ದು ಸಂಪಾದಿಸು ಎಂದ. 1920ರ ದಶಕದ ಕೊನೆಯಲ್ಲೂ ಅದರ ಮುಂದಿನ ಕೆಲವು ವರ್ಷಗಳಲ್ಲೂ ದೊಡ್ಡ ಕಂಪನಿಗಳು ಹೊರಡಿಸಿ, ಆಮೇಲೆ ಮರೆತುಬಿಟ್ಟಿದ್ದ 84 ಹಾಡುಗಳು ಆರು ತಟ್ಟೆಗಳಲ್ಲಿ ಬಂದವು. ಕರಿಯರು ಯಾರು, ಬಿಳಿಯರು ಯಾರು ಎಂದು ಸ್ಮಿತ್ ಎಲ್ಲಿಯೂ ಸೂಚಿಸಲಿಲ್ಲ. ಬಾಬ್ ಡಿಲನ್‌ನ ಪೀಳಿಗೆಯ ಹಾಡುಗಾರರಿಗೆ ಇದೇ ಪಠ್ಯಪುಸ್ತಕವಾಯಿತು.

ಇಲ್ಲೊಂದು ತೊಡಕಿದೆ, ಮುಚ್ಚಿಡುವುದು ಸರಿಯಲ್ಲ. ಆ ಹಾಡುಗಳ ಹಕ್ಕು ಆಶ್‌ನದಾಗಿರಲಿಲ್ಲ. ಪ್ರಕಟಿಸಿದವರು ಕೈಬಿಟ್ಟ ಮೇಲೆ ಅವು ಜನರ ಸೊತ್ತೆಂಬುದು ಆತನ ವಾದ. ಕಾನೂನು ಹಾಗೆ ಹೇಳುವುದಿಲ್ಲ. ತನ್ನಲ್ಲೇ ಹಾಡಿದವರಿಗೆ ಗೌರವಧನ ಕೊಡುವುದರಲ್ಲೂ ಆತನ ಕೈ ಬಿಗಿ. ಕೇಳಿದಾಗ ಅಷ್ಟಿಷ್ಟು ಕೊಡುತ್ತಿದ್ದನೆಂದು ಗೊಣಗಿದ ಹಾಡುಗಾರರು ಹಲವರು. ಆತ ದೇವರಲ್ಲ, ಅಂಗಡಿಯವನು. ಆದರೆ ಪೀಟ್ ಸೀಗರ್ 1955ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ತನ್ನ ರಾಜಕೀಯ ನಂಬಿಕೆಗಳನ್ನು ಕುರಿತು ಉತ್ತರಿಸಲು ನಿರಾಕರಿಸಿ, ಬಹಿಷ್ಕಾರಕ್ಕೊಳಗಾಗಿ, ದೊಡ್ಡ ವೇದಿಕೆಗಳೆಲ್ಲ ಬಾಗಿಲು ಹಾಕಿಕೊಂಡ ದಿನಗಳಲ್ಲಿ, ಅವನ ಹಾಡನ್ನು ತಪ್ಪದೆ ತಟ್ಟೆಗೆ ಹಾಕಿದವನೂ ಇದೇ ಅಂಗಡಿಯವನು.

ಆತನ ಕಥೆಯನ್ನು ಓದುವಾಗ ನನ್ನ ಮನಸ್ಸು ಪದೇ ಪದೇ ನಮ್ಮ ಮನೆಯ ಅಟ್ಟಕ್ಕೆ ಹೋಗುತ್ತಿತ್ತು. ಎಂ.ಎ. ಓದುವಾಗ ಪ್ರಬಂಧಕ್ಕೆಂದು ನಾನು ನಮ್ಮಜ್ಜಿಯಿಂದ ರಾಗಿ ಬೀಸುವ ಪದಗಳನ್ನು ಬರೆದುಕೊಂಡಿದ್ದೆ. ಅವಳು ಹಾಡಿದ್ದನ್ನು ಎರವಲು ತಂದ ಟೇಪ್‌ರೆಕಾರ್ಡರಿನಲ್ಲಿ ಒಂದು ಕ್ಯಾಸೆಟ್ಟಿಗೂ ತುಂಬಿಕೊಂಡಿದ್ದೆ. ಪದಗಳನ್ನು ನೋಟುಬುಕ್ಕಿಗೆ ಇಳಿಸಿದ ಮೇಲೆ ಕ್ಯಾಸೆಟ್ಟಿನ ಕೆಲಸ ಮುಗಿಯಿತೆಂದು ತಿಳಿದು, ಹೊಸ ಕ್ಯಾಸೆಟ್ಟಿಗೆ ಕಾಸಿಲ್ಲದೆ, ಅದರ ಮೇಲೆಯೇ ಚಿತ್ರಗೀತೆಗಳನ್ನು ಹಾಕಿಸಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ, ನಾನೇ ಮಾಡಿದ್ದು. ಮರುವರ್ಷ ಅಜ್ಜಿ ತೀರಿಕೊಂಡಳು. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಅವರಿಗೆ ಯಂತ್ರದ ಸೌಕರ್ಯವಿರಲಿಲ್ಲ. ಕಾಗದದ ಮೇಲಾದರೂ ಉಳಿಸಿದರಲ್ಲ ಎಂದು ನಾವು ಅವರಿಗೆ ಕೈಮುಗಿಯುತ್ತೇವೆ. ನನಗೆ ಯಂತ್ರವಿತ್ತು. ಲೆಡ್ ಬೆಲಿ 1949ರಲ್ಲಿ ತೀರಿಕೊಳ್ಳುವ ಹಿಂದಿನ ವರ್ಷ ಗೆಳೆಯನೊಬ್ಬನ ಮನೆಯಲ್ಲಿ ಕುಳಿತು ಹಾಡಿದ, ಹಾಡುಗಳ ನಡುವೆ ಹರಟಿದ ಟೇಪುಗಳನ್ನು ಫೋಕ್‌ವೇಸ್ 1953ರಲ್ಲಿ ಹರಟೆಯ ಸಮೇತ ಹೊರಡಿಸಿತು. ನಮ್ಮಜ್ಜಿಯೂ ಹಾಡಿನ ನಡುವೆ ಕೆಮ್ಮುತ್ತಿದ್ದಳು, ಬೆಕ್ಕನ್ನು ಗದರುತ್ತಿದ್ದಳು. ನೋಟುಬುಕ್ಕಿನಲ್ಲಿ ಅದಿಲ್ಲ.

ಆಶ್ 1986ರ ಅಕ್ಟೋಬರಿನಲ್ಲಿ ತೀರಿಕೊಂಡ. ಬದುಕಿನ ಕೊನೆಯ ವರ್ಷಗಳನ್ನು ಆತ ತನ್ನ ಅಂಗಡಿಗೆ ವಾರಸುದಾರನನ್ನು ಹುಡುಕುವುದರಲ್ಲಿ ಕಳೆದ. ಆತನದು ಒಂದೇ ಷರತ್ತು: ಒಂದು ತಟ್ಟೆಯನ್ನೂ ಪಟ್ಟಿಯಿಂದ ತೆಗೆಯಕೂಡದು. ವ್ಯಾಪಾರಿಗಳು ಇದಕ್ಕೆ ಒಪ್ಪುವರೆ? ಒಪ್ಪಿದ್ದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ. ಅಲ್ಲಿನ ರಾಲ್ಫ್ ರಿನ್ಸ್‌ಲರ್‌ನ ಹಟದಿಂದ 1987ರಲ್ಲಿ ಹಸ್ತಾಂತರವಾಯಿತು. ಡಿಲನ್ ಮೊದಲಾದ ಹಾಡುಗಾರರು 1988ರಲ್ಲಿ ಗತ್ರಿ ಮತ್ತು ಲೆಡ್ ಬೆಲಿಯರ ಹಾಡುಗಳನ್ನು ಹಾಡಿ ಹಣ ಕೂಡಿಸಿಕೊಟ್ಟರು. ಆಗ ಪಟ್ಟಿಯಲ್ಲಿದ್ದ ತಟ್ಟೆಗಳು 2,168. ಬೇಕೆಂದವನು ಒಬ್ಬನೇ ಆದರೂ ಅವನಿಗಾಗಿ ಒಂದು ಪ್ರತಿ ಮಾಡಿ ಕಳುಹಿಸುವ ಪದ್ಧತಿಯನ್ನು ಸಂಸ್ಥೆ ಇಟ್ಟುಕೊಂಡಿತು: ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿ.ಡಿ.ಯಲ್ಲಿ. ಆಶ್ ಬೇರೆಯವರ ತಟ್ಟೆಗಳಿಂದ ಅನುಮತಿಯಿಲ್ಲದೆ ತೆಗೆದುಕೊಂಡಿದ್ದ ಆ 84 ಹಾಡುಗಳಿಗೂ ಅಧಿಕೃತ ಪರವಾನಗಿ ಪಡೆದು 1997ರಲ್ಲಿ ಮರುಮುದ್ರಣ ಮಾಡಿತು.

ಈ ವರ್ಷ ಹಲಗೆಯ ಮೇಲೆ ಱ, ೞ ಬರೆದ ದಿನ ಹುಡುಗರಿಗೆ ಆಶ್‌ನ ಮಾತನ್ನು ಹೇಳಿದೆ. ಕಪ್ಪೆಗಳ ತಟ್ಟೆಯ ಸುದ್ದಿಗೆ ತರಗತಿಯೆಲ್ಲ ನಕ್ಕಿತು. ಆ ಶನಿವಾರ ಊರಿಗೆ ಹೋದವನು ಅಟ್ಟದಿಂದ ನೋಟುಬುಕ್ಕನ್ನು ಇಳಿಸಿದೆ. ಅದರಲ್ಲಿ 43 ಪದಗಳಿವೆ. ಅಮ್ಮನಿಗೆ ಧಾಟಿಯ ಸಮೇತ ನೆನಪಿರುವುದು ಮೂರು. ಫೋನನ್ನು ಮುಂದಿಟ್ಟು ಹಾಡೆಂದರೆ, "ಇದನ್ನೆಲ್ಲ ಯಾರು ಕೇಳ್ತಾರೋ ಮಗಾ?" ಎಂದಳು. ಅವಳಿಗೂ ಕಪ್ಪೆಗಳ ಕಥೆ ಹೇಳಿದೆ. "ಕಪ್ಪೆ ವಟಗುಟ್ಟೋದನ್ನೂ ಪ್ಲೇಟು ಮಾಡವ್ರಾ!" ಎಂದು ಬಹಳ ಹೊತ್ತು ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡಳು. ಮೂರನೆಯದರ ನಡುವೆ ಒಂದು ನುಡಿ ಮರೆತುಹೋಗಿ ಅವಳು ನಿಂತದ್ದೂ, ನಾನು ನೋಟುಬುಕ್ಕು ನೋಡಿ ಹೇಳಿಕೊಟ್ಟದ್ದೂ, ಬೀದಿಯಲ್ಲಿ ಟ್ರ್ಯಾಕ್ಟರು ಹೋದದ್ದೂ ಅದರಲ್ಲಿ ಮುದ್ರಿತವಾಗಿವೆ. ಯಾವುದನ್ನೂ ಅಳಿಸಿಲ್ಲ.